ಬಾಟಲಿಯ ತಳದ ಜೋಳದ ಕಾಳು

ಮೂವತ್ತೊಂದು ವರ್ಷ ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಗಾಜು ತೊಳೆದೆ. ಆಫೀಸಿನ ಕಾಗದದಲ್ಲಿ ನನ್ನ ಕೆಲಸಕ್ಕೆ ಬೇರೆ ಹೆಸರಿತ್ತು. ಮಾಡಿದ್ದು ಮಾತ್ರ ಅದೇ. ಮುಂಜಾನೆ ಶರಣಬಸವೇಶ್ವರ ಗುಡಿ ದಾಟಿ ನಡೆದು ಹೋಗಿ ಕೆಮಿಸ್ಟ್ರಿ ಲ್ಯಾಬಿನ ಬೀಗ ತೆಗೆಯುವುದು, ಹಿಂದಿನ ದಿನ ಹುಡುಗರು ಬಿಟ್ಟು ಹೋದ ನಳಿಗೆ, ಬೀಕರು, ಬಾಟಲಿ ತೊಳೆದು ಬೋರಲು ಹಾಕುವುದು. ಎರಡನೇ ಕ್ಲಾಸಿಗೆ ಸಾಲಿ ಬಿಟ್ಟವಳು. ಬರುತ್ತಿದ್ದ ಅಕ್ಷರಗಳೂ ಮರೆತು ಹೋಗಿದ್ದವು. ಬಾಟಲಿಯ ಮೇಲಿನ ಚೀಟಿ ನೋಡಿ ನೋಡಿ ಮತ್ತೆ ಕಲಿತೆ. ಯಾವುದು ಕೈ ಸುಡುತ್ತದೆ, ಯಾವುದು ಸುಡುವುದಿಲ್ಲ ಎಂದು ತಿಳಿಯುವಷ್ಟು.

ಅಲ್ಲಿ ನಾನು ಕಲಿತ ಪಾಠ ಎರಡೇ. ಎರಡನ್ನೂ ಬೈಸಿಕೊಂಡು ಕಲಿತೆ. ಸೇರಿದ ವಾರದಲ್ಲೇ, ಮನೆಯ ಪಾತ್ರೆಯಂತೆ ಬೀಕರುಗಳಿಗೆಲ್ಲ ಬೂದಿ ಹಚ್ಚಿ ಫಳಫಳ ತಿಕ್ಕಿ ಇಟ್ಟಿದ್ದೆ. ಶಹಬ್ಬಾಸ್ ಅಂತಾರೆ ಅಂದುಕೊಂಡರೆ ಅಲ್ಲಿನ ಸರ್ ತಲೆ ಮೇಲೆ ಕೈ ಹೊತ್ತು ಕುಂತರು. ಒಂದು ಚೂರು ಬೂದಿ ಉಳಿದರೂ ಒಳಗಿನ ನೀರಿನ ಗುಣವೇ ಬದಲಾಗುತ್ತದೆ ಎಂದು ಆಗ ತಿಳಿಯಿತು. ಎರಡನೆಯದು, ಚೀಟಿ ಹಚ್ಚಿದ ಬಾಟಲಿಯನ್ನು ಕೇಳದೆ ತೊಳೆಯಬಾರದು. ಒಮ್ಮೆ ಹಾಗೆ ತೊಳೆದು ಒಬ್ಬ ವಿದ್ಯಾರ್ಥಿಯ ಮೂರು ತಿಂಗಳ ಕೆಲಸ ಮೋರಿಗೆ ಹಾಕಿದ್ದೆ. ಅವನು ಅತ್ತ. ನಾನು ಅಳಲಿಲ್ಲ, ಆದರೆ ಮತ್ತೆಂದೂ ಹಾಗೆ ಮಾಡಲಿಲ್ಲ.

ನನ್ನ ನೌಕರಿಯ ಕೊನೆಕೊನೆಗೆ ಆ ಲ್ಯಾಬಿನಲ್ಲಿ ಒಬ್ಬ ಹುಡುಗಿ ಐದು ವರ್ಷ ಪಿಎಚ್‌ಡಿ ಮಾಡಿದಳು. ಊರೊಳಗೇ ಐವಾನ್-ಎ-ಶಾಹಿ ಓಣಿಯ ಕಡೆಯವಳು. ತಂದೆ ಸರಕಾರಿ ಆಫೀಸಿನಲ್ಲಿ ಗುಮಾಸ್ತ. ಮನೆಯಲ್ಲಿ ಉರ್ದು, ಹೊರಗೆ ನನಗಿಂತ ಚಲೊ ಕನ್ನಡ. ಅವಳು ನನಗೆ ಆಯಿ ಅನ್ನುತ್ತಿದ್ದಳು, ನಾನು ಬೇಟಾ ಅನ್ನುತ್ತಿದ್ದೆ. ಕಮಲಾಪುರ ಸುತ್ತಿನ ಬಾವಿಗಳ ನೀರು ತಂದು ಪರೀಕ್ಷೆ ಮಾಡುವುದು ಅವಳ ಓದು. ಶನಿವಾರ ಬಸ್ಸಿನಲ್ಲಿ ಹೋಗುತ್ತಿದ್ದಳು. ಬಾಟಲಿಯ ಚೀಲ ಭಾರ, ಹೊತ್ತುಕೊಳ್ಳಲು ನಾನೂ ಹೋಗುತ್ತಿದ್ದೆ. ಪ್ರತಿ ಬಾಟಲಿಯನ್ನೂ ಅವಳೇ ತುಂಬುತ್ತಿದ್ದಳು. ಅದೇ ಬಾವಿಯ ನೀರಿನಿಂದ ಮೂರು ಸಲ ಬರೇ ಕುಲುಕಿ ಚೆಲ್ಲಿ, ನಾಲ್ಕನೆಯ ಸಲ ತುಂಬಿ, ಬಿಸಿಲಿಗೆ ಎತ್ತಿ ಹಿಡಿದು ನೋಡಿ, ಆಮೇಲೆ ಬಿರಡೆ. ಇನ್ನೊಬ್ಬರ ಕೈಗೆ ಬಿಡುತ್ತಿರಲಿಲ್ಲ.

ಕಮಲಾಪುರದ ರಸ್ತೆ ಬದಿಗೆ ಒಬ್ಬ ಹೆಣ್ಣುಮಗಳ ಖಾನಾವಳಿ ಇತ್ತು, ಈಗಲೂ ಅದೆ. ಐವತ್ತರ ಆಸುಪಾಸಿನವಳು, ಗಂಡನಿಲ್ಲ, ಮಾತು ಚೂಪು. ಅವಳ ಅಂಗಳದ ಬಾವಿಯ ನೀರೂ ನಮ್ಮ ಪಟ್ಟಿಯಲ್ಲಿತ್ತು. ಐದನೇ ವರ್ಷ, ಪಿಎಚ್‌ಡಿ ಮುಗಿಯುವ ಹೊತ್ತಿಗೆ, ರೊಟ್ಟಿ ಬಡಿಯುತ್ತಲೇ ಆಕಿ ಕೇಳಿದಳು:

"ಏ ತಂಗಿ, ಐದು ವರ್ಷ ಆತು ನನ್ನ ಬಾವಿ ನೀರು ಒಯ್ಯಾಕತ್ತಿ. ಲಗ್ನಕ್ಕ ಹೆಣ್ಣು ನೋಡಿ ಹೋದೋರೂ ಒಲ್ಲೆ ಅಂತರ ಹೇಳಿ ಕಳಸ್ತಾರ. ನೀ ಒಂದಿನರ ಹೇಳಿದೇನು, ನನ್ನ ನೀರು ಹೆಂಗದ ಅಂತ?"

"ಪುಸ್ತಕದಾಗ ಬರದೀನ್ರಿ ಅಕ್ಕಾ."

"ಪುಸ್ತಕ ನಾ ಓದ್ತೀನಿ? ಇಲ್ಲಾ, ಬಾವಿ ಓದ್ತದ?"

ಊಟಕ್ಕೆ ಕುಂತವರು ನಕ್ಕರು. ಹುಡುಗಿಯೂ ನಕ್ಕಳು. ಆದರೆ ತಿರುಗಿ ಬರುವಾಗ ಬಸ್ಸಿನಲ್ಲಿ ಆ ಬಾವಿಯ ಬಾಟಲಿಯ ಚೀಟಿಯ ಮೇಲೆ ಮತ್ತೆ ಮತ್ತೆ ಬೆರಳಾಡಿಸುತ್ತ ಕುಂತಿದ್ದಳು.

ಪುಸ್ತಕ ಆಯಿತು. ಕರಿ ರಟ್ಟು, ಬಂಗಾರದ ಬಣ್ಣದ ಅಕ್ಷರ. ಅವಳ ಹೆಸರಿನ ಮುಂದೆ ಡಾಕ್ಟರ್ ಬಂತು. ಅದರ ಒಂದು ಪ್ರತಿ ಲ್ಯಾಬಿನ ಕಪಾಟಿನಲ್ಲಿತ್ತು. ನಾನು ರಿಟೈರ್ ಆಗುವ ತನಕ ಅದನ್ನು ಕೈಗೆ ತೆಗೆದುಕೊಂಡವಳು ನಾನೊಬ್ಬಳೇ, ಧೂಳು ಒರೆಸಲು.

ಅವಳಿಗೆ ಬೇರೊಂದು ಕಾಲೇಜಿನಲ್ಲಿ ಕಾಯಂ ನೌಕರಿ ಸಿಕ್ಕಿತು. ಎರಡು ವರ್ಷ ಮಾಡಿದಳು. ಆಮೇಲೆ ಒಂದು ದಿನ ನನ್ನ ಮನೆಗೆ ಬಂದಳು. ನಾನು ತೊಗರಿ ಹಸನು ಮಾಡುತ್ತಿದ್ದೆ. ಎದುರಿಗೆ ಕುಂತು ಅವಳೂ ಮೊರಕ್ಕೆ ಕೈ ಹಾಕಿದಳು.

"ಆಯಿ, ನೌಕರಿ ಬಿಟ್ಟೆ. ಕಂಪನಿ ಹಚ್ಚಾಕತ್ತೀನಿ. ನನಗ ಬಾಟ್ಲಿ ತೊಳೆಯೋರು ಬೇಕು."

"ಏನ್ ಮಾರ್ತಿ?"

"ಏನೂ ಮಾರಲ್ಲ. ನೀರು ಪರೀಕ್ಷೆ ಮಾಡಿ ಹೇಳೋದು."

"ಹೇಳೋದಕ್ಕ ಯಾರು ರೊಕ್ಕ ಕೊಡ್ತಾರ? ನಮ್ಮ ಓಣ್ಯಾಗ ಎಲ್ಲಾರೂ ಪುಕ್ಕಟೆ ಹೇಳ್ತಾರ."

ಅವಳು ನಗಲಿಲ್ಲ. "ಈ ನೀರು ಕುಡೀಬಹುದು, ಈ ನೀರು ಕುಡೀಬಾರದು. ಈ ಒಂದ ಮಾತು ನಮ್ಮ ಮಾಲು ಆಯಿ. ಅದು ಖರೆ ಇರಬೇಕು. ಸುಳ್ಳಾತಂದ್ರ ಅಂಗಡ್ಯಾಗ ಮತ್ತೇನೂ ಇಲ್ಲ," ಅಂದಳು.

ಅವಳ ತಾಯಿಗೆ ಸಿಟ್ಟು. ನಾನು ಎದುರಿಗಿದ್ದಾಗಲೇ ಅಂದಳು: "ಪಕ್ಕೀ ನೌಕ್ರಿ ಛೋಡ್‌ಕೊ ಬಾಟಲಾಂ ಧೋತೀ ಕತೆ!" ಪಕ್ಕಾ ನೌಕರಿ ಬಿಟ್ಟು ಬಾಟಲಿ ತೊಳೀತಾಳಂತೆ ಎಂದು. ನಾನು ಅಂದೆ, ಬಾಟಲಿ ತೊಳೆಯೋದು ನಾನು, ಆಕಿಗೆ ಅದೂ ನೆಟ್ಟಗ ಬರಲ್ಲ. ತಾಯಿ ನಗು ತಡೆಯಲು ಸೆರಗು ಬಾಯಿಗೆ ಹಿಡಿದಳು. ಸಿಟ್ಟು ಮಾತ್ರ ಹೋಗಲಿಲ್ಲ.

ನಂದೂರಿನಲ್ಲಿ ಒಂದು ದಾಲ್ ಮಿಲ್ಲಿನ ಹಿಂದೆ ಎರಡು ಕೋಣೆ ಬಾಡಿಗೆಗೆ ಹಿಡಿದಳು. ಅಗ್ಗಕ್ಕೆ ಸಿಕ್ಕಿದ್ದು ಯಾಕೆಂದು ಮೊದಲ ದಿನವೇ ತಿಳಿಯಿತು. ಮಿಲ್ಲು ಶುರುವಾದರೆ ತೊಗರಿ ಹೊಟ್ಟಿನ ಧೂಳು ಮೇಜು, ಮಷಿನ್, ಚಹಾದ ಕಪ್ಪು ಎಲ್ಲದರ ಮೇಲೆ ಕೂಡುತ್ತಿತ್ತು. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ, ದಿನಕ್ಕೆ ನಾಲ್ಕು ಸಲ ಹಿಂಡಿ ಕಟ್ಟುವುದು ನನ್ನ ಕೆಲಸವಾಯಿತು. ಪರೀಕ್ಷೆಗೆ ಇಬ್ಬರು ಹುಡುಗಿಯರು, ಬಿಎಸ್ಸಿ ಆದವರು.

ಮಾಲಕಿ ಆಗುವುದು ಅವಳಿಗೆ ಬರುತ್ತಿರಲಿಲ್ಲ. ಇದ್ದದ್ದು ಹೇಳುತ್ತೇನೆ. ಒಂದು ಮಾತಿನಲ್ಲಿ ಮುಗಿಯುವುದನ್ನು ಅರ್ಧ ತಾಸು ಕ್ಲಾಸು ತೆಗೆದುಕೊಂಡಂತೆ ಹೇಳುತ್ತಿದ್ದಳು. ಹುಡುಗಿಯರು ತಡವಾಗಿ ಬಂದರೆ ಬೈಯುವ ಬದಲು ಯಾಕೆ ತಡವಾಯಿತು ಎಂದು ಕೇಳಿ, ಅವರ ಮನೆಯ ಕಷ್ಟ ಕೇಳಿಕೊಂಡು, ತಾನೇ ಮುಖ ಸಣ್ಣ ಮಾಡಿಕೊಂಡು ಕುಂದರುತ್ತಿದ್ದಳು. ಒಮ್ಮೆ ಪಕ್ಕದ ಮಿಲ್ಲಿನ ಸಾಹುಕಾರ ತನ್ನ ಕೂಲಿಯವರು ಕುಡಿಯುವ ಟಾಕಿಯ ನೀರು ಪರೀಕ್ಷೆಗೆ ಕೊಟ್ಟ. ಇವಳು, ಇರಬಹುದು, ಕಾಣಿಸುತ್ತದೆ, ಇನ್ನೂ ನೋಡಬೇಕಾಗುತ್ತದೆ, ಎಂದು ಎರಡು ಹಾಳೆ ಬರೆದು ಕೊಟ್ಟಳು. ಅವನು ಹಾಳೆ ತಿರುವಿ ಹಾಕಿ ಕೇಳಿದ:

"ಡಾಕ್ಟರೇ, ಕುಡಿಬೇಕೋ ಬ್ಯಾಡೋ? ಅಷ್ಟ ಹೇಳ್ರಿ. ಉಳದದ್ದು ನಿಮ್ಮ ಹಂತೇಕ ಇಟ್ಕೋರಿ."

ಅವತ್ತಿನಿಂದ ಹಾಳೆಯ ಮೇಲ್ಭಾಗದಲ್ಲಿ ಒಂದೇ ಸಾಲು ಬರೆಯಲು ಕಲಿತಳು. ಕುಡಿಯಲು ಯೋಗ್ಯ. ಕುಡಿಯಲು ಯೋಗ್ಯವಲ್ಲ. ಆ ಸಾಲು ಬರೆಯುವಾಗ ಪೆನ್ನು ಎತ್ತಿ ಹಿಡಿದು ಸ್ವಲ್ಪ ಹೊತ್ತು ಕುಂದರುತ್ತಿದ್ದಳು. ಆಮೇಲೆ ಆಮೇಲೆ ಆ ಕುಂದರುವುದು ಕಡಿಮೆಯಾಯಿತು.

ಎರಡನೇ ವರ್ಷ ದೊಡ್ಡ ಕೆಲಸ ಬಂತು. ಹಳ್ಳಿಗಳ ಕುಡಿಯುವ ನೀರಿನ ಉಸಾಬರಿ ಮಾಡುವ ಒಂದು ಸಂಸ್ಥೆಯವರು ಕಮಲಾಪುರ ಸುತ್ತಿನ ಹನ್ನೆರಡು ಊರಿನ ಬೋರು, ಬಾವಿ ಪರೀಕ್ಷೆ ಮಾಡಿಕೊಡಿ ಅಂದರು. ಇದು ಚಲೊ ಆದರೆ ಮುಂದೆ ಉಳಿದ ಊರುಗಳೂ ನಿಮಗೇ. ಚಲೊ ನೀರಿನ ಕಟ್ಟೆಗೆ ಹಸಿರು ದುಂಡು, ಕೆಟ್ಟದ್ದಕ್ಕೆ ಕೆಂಪು ದುಂಡು ಬಳಿಯುವುದು ಅವರ ಜವಾಬ್ದಾರಿ. ಆ ಕೆಲಸ ಹಿಡಿಯಲು ಅವಳು ತಿಂಗಳುಗಟ್ಟಲೆ ಅವರ ಆಫೀಸಿಗೆ ತಿರುಗಿದ್ದಳು. ಕೆಲಸ ಸಿಕ್ಕ ಮೇಲೂ ತಿರುಗುವುದು ಮುಗಿಯಲಿಲ್ಲ. ಇವತ್ತು ಮೀಟಿಂಗು, ನಾಳೆ ಮತ್ತೊಂದು. ಬಾಟಲಿ ಬಿಸಿಲಿಗೆ ಹಿಡಿಯಲು ಅವಳಿಗೆ ಹೊತ್ತೆಲ್ಲಿ? ಊರಿನ ಹೆಣ್ಣುಮಕ್ಕಳೇ ತುಂಬಿ ಕೊಡಲಿ, ಆಯಿ ಹೋಗಿ ಬಾಟಲಿ ಹಂಚಿ ತುಂಬಿಸಿಕೊಂಡು ಬರಲಿ, ಹುಡುಗಿಯರು ಪರೀಕ್ಷೆ ಮಾಡಲಿ, ತಾನು ಸಹಿ ಹಾಕುತ್ತೇನೆ ಎಂದು ಗೊತ್ತುಮಾಡಿದಳು. ಕಂಪನಿ ಅಂದರೆ ಹಾಗೇ ಇರಬೇಕಂತೆ. ಎಲ್ಲವನ್ನೂ ಒಬ್ಬರೇ ಮಾಡಿದರೆ ಅದು ಓದು, ಕಂಪನಿ ಅಲ್ಲ ಎಂದು ಯಾರೋ ಹೇಳಿದ್ದರು.

ನಾನು ಹೋದೆ. ಊರೂರಿಗೆ ಹೋದರೆ ಹೆಣ್ಣುಮಕ್ಕಳು ನನಗೆ ಮೇಡಂ ಅಂದರು. ಅರವತ್ತು ದಾಟುವ ತನಕ ಆ ಮಾತು ನನಗೆ ಯಾರೂ ಅಂದಿರಲಿಲ್ಲ. ಬಾಟಲಿಗಳನ್ನು ಲ್ಯಾಬಿನಲ್ಲೇ ತೊಳೆದು ತರುತ್ತಿದ್ದೆ. ಬೋರಿನ ನೀರಿನಿಂದ ಮೂರು ಸಲ ಕುಲುಕಿ ತುಂಬುವುದು ಅಷ್ಟೇ ಅವರ ಕೆಲಸ. ಹೇಳಿ ಎದುರಿಗೆ ನಿಂತು ಮಾಡಿಸುತ್ತಿದ್ದೆ. ಎಲ್ಲ ಊರಿನಲ್ಲೂ ನಿಂತೆ. ಒಂದು ಕಡೆ ಮಾತ್ರ ಕುಂತೆ.

ಅದು ಆ ಖಾನಾವಳಿ. ಅವಳ ಹಳೆಯ ಬಾವಿ ರಸ್ತೆ ಅಗಲ ಮಾಡುವಾಗ ಹೋಗಿತ್ತು. ಬಾಗಿಲ ಪಕ್ಕದಲ್ಲೇ ಹೊಸ ಬೋರು ಹಾಕಿಸಿದ್ದಳು. ಓಣಿಯವರೂ ಅದೇ ನೀರು ಒಯ್ಯುತ್ತಿದ್ದರು.

"ಬರ್ರಿ ಮೇಡಮ್ಮೋರೇ, ಬರ್ರಿ! ಆ ತಂಗಿ ಕಂಪನಿ ಹಚ್ಯಾಳಂತ, ಖರೇನು? ಈ ಸಲ ನನ್ನ ನೀರಿಂದು ನನಗ ಹೇಳ್ತಾಳಲ್ಲ?"

"ಹೇಳ್ತಾಳ. ಹೇಳ್ಲಿಕ್ಕೇ ನೌಕರಿ ಬಿಟ್ಟಾಳ."

ಹೊರಸು ಎಳೆದು, ಮೇಲೆ ಕೌದಿ ಹಾಸಿ ಕುಂದರಿಸಿದಳು. ಚಹಾ ಕೊಟ್ಟಳು, ಹಾಲು ಹೆಚ್ಚು ಹಾಕಿ. ಬಾಟಲಿ ತೆಗೆದುಕೊಂಡು ಹಿತ್ತಲ ಕಲ್ಲಿನ ಹತ್ತಿರ ಹೋದಳು. ನಾನು ಕುಂತಲ್ಲಿಂದ ಕಾಣುತ್ತಿತ್ತು. ಒಲೆಯ ಬೂದಿ ಒಂದು ಚಿಮಟಿ ಬಾಟಲಿಗೆ ಹಾಕಿದಳು, ಒಂದು ಹಿಡಿ ಜೋಳ ಹಾಕಿದಳು, ನೀರು ಹಾಕಿ ಬಾಯಿ ಮುಚ್ಚಿ ಗಿಲಕಿಯಂತೆ ಆಡಿಸಿದಳು. ನಮ್ಮ ಕಡೆ ಸಣ್ಣ ಬಾಯಿಯ ಬಾಟಲಿ ತೊಳೆಯುವುದು ಹಾಗೇ. ಕಾಳು ಒಳಗೆ ತಿಕ್ಕುತ್ತದೆ, ಬೂದಿ ಜಿಡ್ಡು ತೆಗೆಯುತ್ತದೆ. ಇನ್ನೊಬ್ಬರ ಕೈಗೆ ನೀರು ಕೊಡುವಾಗ ತಿಕ್ಕದ ಪಾತ್ರೆಯಲ್ಲಿ ಕೊಟ್ಟರೆ ಹೆಣ್ಣುಮಗಳ ಮರ್ಯಾದೆ ಹೋದಂತೆ. ಪೇಟೆಯ ಡಾಕ್ಟರು ನೋಡುವ ನೀರು ಅಂದರೆ ಕೇಳಬೇಕೆ?

ನಾನು ನೋಡಿದೆ. ಬೂದಿಗಾಗಿ ಬೈಸಿಕೊಂಡವಳು, ಮೂವತ್ತೊಂದು ವರ್ಷ ಗಾಜು ತೊಳೆದವಳು, ನೋಡಿ ಸುಮ್ಮನೆ ಕುಂತೆ. ಮೈಮರೆತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಇದು ಸರಿಯಲ್ಲ ಎಂದು ಮನಸ್ಸಿಗೆ ಬಂದಿತ್ತು. ಆದರೆ ಇಷ್ಟು ಮರ್ಯಾದೆ ಮಾಡಿದವಳಿಗೆ, ನೀನು ತೊಳೆಯಬ್ಯಾಡ ಎಂದು ಹೆಂಗ ಹೇಳುವುದು? ಆಮೇಲೆ ನಾಲ್ಕು ಸಲ ನೀರು ಹಾಕಿ ಚೆಲ್ಲುತ್ತಾಳೆ, ಹೋಗುತ್ತದೆ ಬಿಡು ಅಂದುಕೊಂಡೆ. ಕೌದಿ ಮೆತ್ತಗಿತ್ತು. ಮೇಡಂ ಅನಿಸಿಕೊಂಡು ಚಹಾ ಕುಡಿದೆ.

ಹದಿನೈದು ದಿನಕ್ಕೆ ಹಾಳೆಗಳು ಹೋದವು. ಖಾನಾವಳಿಯ ಬೋರಿನ ಹಾಳೆಯ ಮೇಲೆ, ಕ್ಷಾರ ಬಹಳ, ಕುಡಿಯಲು ಯೋಗ್ಯವಲ್ಲ, ಎಂದು ಬಂತು. ಕಟ್ಟೆಗೆ ಕೆಂಪು ದುಂಡು ಬಿತ್ತು. ಯೋಗ್ಯವಲ್ಲ ಎಂದು ಬಂದಾಗ ನನಗೆ ಆ ಬೂದಿ ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ಯಾವ ಊರಿನದು ಏನು ಬಂತೆಂದು ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ತಿಳಿದದ್ದು ಆಕಿ ಬಂದಾಗ. ಕಮಲಾಪುರದಿಂದ ಬಸ್ಸು ಹಿಡಿದು, ಆಟೊ ಹಿಡಿದು, ನಂದೂರಿನ ಮಿಲ್ಲುಗಳ ನಡುವೆ ಕೇಳುತ್ತ ಕೇಳುತ್ತ ಬಂದಿದ್ದಳು. ತಲೆಯ ಮೇಲೆ ಹೊಟ್ಟಿನ ಧೂಳು. ನಮ್ಮ ಡಾಕ್ಟರ್ ಹುಡುಗಿ ಎದ್ದು ಕುರ್ಚಿ ಕೊಟ್ಟಳು. ಆಕಿ ಕುಂದರಲಿಲ್ಲ.

"ಡಾಕ್ಟರ್ ಅಂದ್ರ ರೋಗ ಕಳೀಬೇಕು. ನೀ ನನಗ ರೋಗ ಹಚ್ಚಿ ಬಂದಿಯಲ್ಲ ತಂಗಿ. ಲಾರಿಯವರು ಗಾಡಿ ನಿಂದ್ರಸ್ತಾರ, ಕೆಂಪು ದುಂಡು ನೋಡ್ತಾರ, ಮುಂದಕ್ಕ ಹೋಗ್ತಾರ. ಓಣಿ ಹೆಂಗಸರು ಕೊಡ ಹೊತ್ತು ಊರ ಆ ಕಡಿ ಹೋಗ್ತಾರ, ಹೋಗ್ತಾ ನನಗ ಶಾಪ ಹಾಕ್ತಾರ. ನನ್ನ ನೀರಾಗ ಬ್ಯಾಳಿ ಬೆಣ್ಣಿಯಂಗ ಕರಗ್ತದ. ನಿನ್ನ ಮಷಿನ್ ಒಂದಿನರ ಬ್ಯಾಳಿ ಕುದಿಸ್ಯಾದೇನು?"

ಹುಡುಗಿ ಕಲಿತವಳಂತೆ ಉತ್ತರ ಕೊಟ್ಟಳು. "ಅಕ್ಕಾ, ಬ್ಯಾಳಿ ಲಗೂ ಕುದೀಲಿ ಅಂತ ನಾವು ಸೋಡಾ ಹಾಕ್ತೀವಲ್ರಿ? ಕ್ಷಾರ ಇದ್ರ ಬ್ಯಾಳಿ ಇನ್ನೂ ಲಗೂನೇ ಕರಗ್ತದ. ಅದಕ್ಕ ಬ್ಯಾಳಿ ಕರಗೋದು ನೀರು ಚಲೊ ಅದ ಅನ್ನೋದಕ್ಕ ಸಾಕ್ಷಿ ಅಲ್ಲ."

ಮಾತಿನಲ್ಲಿ ಹುಡುಗಿ ಗೆದ್ದಳು. ಪರೀಕ್ಷೆ ಮಾಡಿದ ಇಬ್ಬರು ಹುಡುಗಿಯರ ಮುಖದಲ್ಲೂ ಗೆದ್ದ ಕಳೆ. ಆಕಿ ನನ್ನ ಕಡೆ ತಿರುಗಿ, "ನೀವರ ಹೇಳ್ರಿ ಮೇಡಮ್ಮೋರೇ, ನಾ ಎಷ್ಟು ಸ್ವಚ್ಛ ತುಂಬಿ ಕೊಟ್ಟೀನಿ," ಅಂದಳು. ನಾನು ಕಿಟಕಿಯ ಬಟ್ಟೆ ಹಿಂಡಲು ಹೋದೆ.

ಆಕಿ ಹೋದ ಮೇಲೆ ಹಿಂದಿನ ಕೋಣೆಗೆ ಹೋದೆ. ಪರೀಕ್ಷೆ ಆದ ಮೇಲೂ ಒಂದು ತಿಂಗಳು ಬಾಟಲಿ ಚೆಲ್ಲಬಾರದು ಎನ್ನುವುದು ಹುಡುಗಿಯ ನಿಯಮ. ಓದುವಾಗಿನಿಂದ ಇದ್ದದ್ದು. ಸಾಲಿನಲ್ಲಿ ಹುಡುಕಿ ಚೀಟಿ ಓದಿ ತೆಗೆದೆ. ಮುಕ್ಕಾಲು ಖಾಲಿ. ಬೆಳಕಿಗೆ ಹಿಡಿದೆ. ತಳದಲ್ಲಿ ಬೂದು ಬಣ್ಣದ ರಾಡಿ, ಅದರಲ್ಲಿ ಉಬ್ಬಿದ ಒಂದು ಜೋಳದ ಕಾಳು. ಪಕ್ಕದ ಊರುಗಳ ಬಾಟಲಿ ನೋಡಿದೆ. ಕನ್ನಡಿಯಂತೆ ಇದ್ದವು. ಪರೀಕ್ಷೆಯ ಹುಡುಗಿಯರು ಮೇಲಿನ ನೀರು ಸೋಸಿ ತೆಗೆದುಕೊಂಡಿದ್ದರು. ಹೊಸ ಬೋರು, ಮಣ್ಣು ಬರುತ್ತದೆ ಎಂದುಕೊಂಡಿರಬೇಕು. ಅವರದೇನು ತಪ್ಪು? ಒಲೆ ಬೂದಿಯ ಗುರುತು ಅವರಿಗೇನು ಗೊತ್ತು? ಅವರ ಮನೆಯಲ್ಲಿ ಗ್ಯಾಸು.

ನಳದ ಮುಂದೆ ಬಾಟಲಿ ಹಿಡಿದು ನಿಂತಿದ್ದೆ. ತೊಳೆಯುವುದೇ ನನ್ನ ಕೆಲಸ. ನಳ ತಿರುಗಿಸಿದರೆ ಆಯಿತು, ಬೂದಿಯೂ ಇಲ್ಲ, ಕಾಳೂ ಇಲ್ಲ, ನಾನು ಹೊರಸಿನ ಮೇಲೆ ಕುಂತದ್ದೂ ಇಲ್ಲ. ತಿಂಗಳು ಮುಗಿಯಲು ನಾಲ್ಕು ದಿನ ಇದ್ದವು, ಮರೆತು ತೊಳೆದೆ ಅಂದರೆ ಯಾರೂ ಕೇಳುತ್ತಿರಲಿಲ್ಲ. ಒಳ್ಳೆಯವಳಾಗಿ ತೊಳೆಯದೆ ಬಿಟ್ಟೆ ಎಂದು ತಿಳಿಯಬೇಡಿ. ಚೀಟಿ ಇರುವ ಬಾಟಲಿಯನ್ನು ಕೇಳದೆ ತೊಳೆಯಲು ನನ್ನ ಕೈಗೇ ಬರಲಿಲ್ಲ. ಅಭ್ಯಾಸ.

ಒಯ್ದು ಅವಳ ಮೇಜಿನ ಮೇಲೆ ಇಟ್ಟೆ. ಅವಳು ಲ್ಯಾಪ್‌ಟಾಪಿನಲ್ಲಿ ಮುಂದಿನ ಊರುಗಳ ಪಟ್ಟಿ ಮಾಡುತ್ತಿದ್ದಳು. ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ಎಷ್ಟೋ ದಿನದ ಮೇಲೆ ಹಾಗೆ ಹಿಡಿದದ್ದು.

"ಇದು ಮಣ್ಣಲ್ಲ," ಅಂದಳು.

"ಬೂದಿ. ತಿಕ್ಕಿ ತುಂಬ್ಯಾಳ."

"ನಿಮಗ ಹೆಂಗ ಗೊತ್ತು?"

"ನಾ ನೋಡೀನಿ."

"ನೋಡಿ?"

"ಸುಮ್ಮ ಕುಂತೆ."

ಬೈಯುತ್ತಾಳೆ ಎಂದು ನಿಂತೇ ಇದ್ದೆ. ಬೈದಿದ್ದರೆ ಚಲೊ ಇತ್ತು. ಅವಳು ಬಾಟಲಿಯನ್ನು ಕೆಳಗಿಟ್ಟು, ಆ ಬೋರಿನ ಹಾಳೆಯ ಪ್ರತಿ ಹುಡುಕಿ ತೆಗೆದು ಅದರ ಪಕ್ಕಕ್ಕೆ ಇಟ್ಟಳು.

"ಥೀಸಿಸ್ ಬರೀವಾಗ ಹಿಂಗಾಗಿದ್ರ ಆ ಸಾಲು ಹೊಡದು ಹಾಕಿ ಮತ್ತೊಮ್ಮೆ ನೀರು ತರ್ತಿದ್ದೆ ಆಯಿ. ಯಾರಿಗೂ ಏನೂ ಆಗ್ತಿರಲಿಲ್ಲ," ಅಂದಳು. "ಈಗ ಆಕಿ ಬಾಗಲಿಗೆ ಬಣ್ಣ ಬಳದು ಬಂದೀವಿ."

ಮರುದಿನ ಮುಂಜಾನೆಯೇ ತಾನೇ ಹೋಗಿ, ಖಾನಾವಳಿಯಾಕಿ ಕಟ್ಟೆಯ ಕಡೆ ಬರುವ ಮೊದಲೇ ಮೂರು ಬಾಟಲಿ ತುಂಬಿಕೊಂಡು ಬಂದಳು. ತಾನೇ ಕುಂತು ಪರೀಕ್ಷೆ ಮಾಡಿದಳು. ಮೂರೂ ಸರಿ. ಆ ನೀರಿನಲ್ಲಿ ಯಾವ ದೋಷವೂ ಇರಲಿಲ್ಲ.

ಸಂಸ್ಥೆಯ ಸಾಹೇಬರಿಗೆ ಫೋನು ಮಾಡಿದಳು. ಸ್ಪೀಕರಿನಲ್ಲಿ ಇಟ್ಟಿದ್ದಳು, ಅದಕ್ಕೆ ನನಗೂ ಕೇಳಿತು. ಅವರು ದೊಡ್ಡ ದನಿಯ ಮನುಷ್ಯ, ಕೆಟ್ಟವರಲ್ಲ.

"ಅದರಾಗೇನದ ಡಾಕ್ಟರೇ? ಮೊದಲ ತ್ರಾಸು ಇತ್ತು, ಮಳಿ ಆದ ಮ್ಯಾಲ ನೀರು ಸುಧಾರಸ್ಯಾದ ಅಂತ ಹೊಸ ಹಾಳಿ ಬರ್ಕೊಡ್ರಿ. ಹಸರು ಬಳಸ್ತೀವಿ. ತಪ್ಪಾಗ್ಯಾದ ಅಂತ ಬರದ್ರಿ ಅಂದ್ರ, ಉಳದ ಹನ್ನೊಂದು ಊರಿನೋರೂ ಕೇಳ್ತಾರ, ನಮ್ದೂ ತಪ್ಪೇ ಇರ್ಬೇಕು ಅಂತ. ಮುಂದಿನ ಕೆಲಸ ನಿಮಗ ಹೆಂಗ ಕೊಡ್ಲಿ ನಾ?"

"ವಿಚಾರ ಮಾಡ್ತೀನ್ರಿ," ಎಂದು ಇಟ್ಟಳು. ವಿಚಾರ ಮಾಡಿದಳು, ಎರಡು ದಿನ. ಇಬ್ಬರು ಹುಡುಗಿಯರ ಪಗಾರು ಆ ಕೆಲಸದ ಮೇಲೆಯೇ ನಿಂತಿತ್ತು. ಅದನ್ನು ಅವಳು ಹೇಳಲಿಲ್ಲ, ನಮಗೆ ಗೊತ್ತಿತ್ತು. ನಾನು ಅಂದೆ:

"ಬೇಟಾ, ಹೆಂಗೂ ನೀರು ಚಲೊ ಅದ. ಮಳಿ ಅಂತ ಬರೆದ್ರ ಆಕಿಗೂ ಚಲೊ, ನಮಗೂ ಚಲೊ. ಯಾರಿಗೇನು ನುಕ್ಸಾನ?"

ಹೌದು, ಅಂದದ್ದು ನಾನೇ. ಅವಳಲ್ಲ.

"ಆಯಿ, ನಾವು ಮಾರೋದು ಏನು?" ಎಂದು ಕೇಳಿದಳು. ಮೊರದ ಮುಂದೆ ಕುಂತು ಅವಳು ಹೇಳಿದ್ದು ನನಗೆ ನೆನಪಿತ್ತು.

ಖಾನಾವಳಿಗೆ ಹೋದದ್ದು ಮಧ್ಯಾಹ್ನ, ಊಟದ ಹೊತ್ತಿಗೆ. ಮೊದಲಾದರೆ ಆ ಹೊತ್ತಿಗೆ ಕುಂದರಲು ಜಾಗ ಇರುತ್ತಿರಲಿಲ್ಲ. ಅವತ್ತು ನಾಲ್ಕೈದು ಜನ. ಓಣಿಯ ಹೆಂಗಸರು ನಮ್ಮನ್ನು ನೋಡಿ ಬಂದರು. ಹುಡುಗಿ ಹೇಳಿ ಕಳಿಸಿದ್ದಕ್ಕೆ ಸಂಸ್ಥೆಯ ಸಾಹೇಬರೂ ಬಂದು, ಕಾರಿನ ಹತ್ತಿರವೇ ನಿಂತರು. ಹುಡುಗಿ ಪಡಸಾಲೆಯ ಮುಂದೆ ನಿಂತು ಮಾತು ಶುರು ಮಾಡಿದಳು. ಕ್ಲಾಸಿನಂತೆ ಸುತ್ತಿ ಬಳಸಲಿಲ್ಲ.

"ಅಕ್ಕಾ, ನಿಮ್ಮ ನೀರು ಚಲೊ ಅದ. ಮೊದಲೂ ಚಲೋನೇ ಇತ್ತು. ನಾ ಕೊಟ್ಟ ಹಾಳಿ ತಪ್ಪು."

ಆಕಿ ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಎದ್ದು ಬಂದಳು. "ಹೆಂಗ ತಪ್ಪು?"

ಬಾಟಲಿಯಲ್ಲಿ ಬೂದಿ ಉಳಿದದ್ದನ್ನು ಹುಡುಗಿ ಹೇಳಿದಳು. ಆಕಿಯ ಮುಖ ಕೆಂಪಾಯಿತು.

"ಅಂದ್ರ ನನ್ನ ಬೂದೀದೇ ತಪ್ಪು! ಸ್ವಚ್ಛ ತಿಕ್ಕಿ ಕೊಟ್ಟಿದ್ದಕ್ಕ ನನಗ ಈ ಶಿಕ್ಷಾ! ಹೊಲಸು ಬಾಟ್ಲ್ಯಾಗ ಕೊಟ್ಟಿದ್ರ ಹಸರು ಬಳೀತಿದ್ರೇನು?"

"ನಿಮ್ಮದೇನೂ ತಪ್ಪಿಲ್ರಿ. ಹೇಳೋದು ನಮ್ಮ ಕೆಲಸ, ಹೇಳಲಿಲ್ಲ. ಬಾಟ್ಲಿ ನೋಡೋದು ನನ್ನ ಕೆಲಸ, ನೋಡಲಿಲ್ಲ. ನೋಡದೇ ಸಹಿ ಹಾಕೀನಿ. ತಪ್ಪು ನಂದು."

ಅಷ್ಟರಲ್ಲಿ ನಿಲ್ಲಿಸಬಹುದಿತ್ತು. ಮಾಲಕಿ ತನ್ನ ಮೇಲೆ ಹಾಕಿಕೊಂಡರೆ ಆಳಿಗೆ ಅನುಕೂಲ. ಆದರೆ ನನಗೆ ಅದು ಸೇರಲಿಲ್ಲ. ನನ್ನ ತಪ್ಪನ್ನು ಇನ್ನೊಬ್ಬರು ಹೊತ್ತರೆ ನಾನು ಇಲ್ಲವೇ ಇಲ್ಲ ಅನ್ನುವಂತಾಗುತ್ತದೆ.

"ಈಕಿ ಸುಳ್ಳು ಹೇಳ್ತಾಳ," ಅಂದೆ. "ನಾ ಇಲ್ಲೇ, ಈ ಹೊರಸಿನ ಮ್ಯಾಲ ಕುಂತು ನೋಡೀನಿ. ನೀ ಬೂದಿ ಹಾಕಿದ್ದು, ಜೋಳ ಹಾಕಿದ್ದು, ಎಲ್ಲಾ."

ಆಕಿ ನನ್ನ ಕಡೆ ತಿರುಗಿದಳು. ಮೇಡಮ್ಮೋರು ಅವತ್ತಿಗೆ ಮುಗಿಯಿತು.

"ನೋಡಿ ಬಾಯಿ ಯಾಕ ಬಿಡಲಿಲ್ಲ ಮುದುಕಿ?"

"ಬಾಯಾಗ ಚಹಾ ಇತ್ತು."

ಊಟಕ್ಕೆ ಕುಂತವರಲ್ಲಿ ಒಬ್ಬ ಪಕ್ಕನೆ ನಕ್ಕ. ಆಕಿ ಅವನ ಕಡೆ ನೋಡಿದ ಮೇಲೆ ನಗು ನುಂಗಿಕೊಂಡ. ಓಣಿಯ ಒಬ್ಬ ಹೆಂಗಸು, "ಈಗ ಚಲೊ ಅಂತೀರಿ, ನಂಬೋದು ಹೆಂಗ? ಎಲ್ಲಿ, ಒಂದು ತಂಬಿಗಿ ಎಲ್ಲಾರ ಮುಂದ ಕುಡದು ತೋರಸು," ಅಂದಳು. ಕುಡಿಯುತ್ತಾಳೆ ಎಂದು ನಾನೂ ಅಂದುಕೊಂಡೆ.

"ಕುಡೀತೀನಿ, ನೀರಡಿಕಿ ಆಗ್ಯಾದ. ಆದ್ರ ನಾ ಕುಡದ್ರ ನೀರು ಚಲೊ ಅಂತ ಆಗಲ್ಲ," ಅಂದಳು ಹುಡುಗಿ. "ಇವತ್ತು ನಿಮ್ಮ ಮುಂದ ತುಂಬ್ತೀನಿ. ಒಂದು ಬಾಟ್ಲಿ ನನಗ, ಒಂದು ಬಾಟ್ಲಿ ನೀವು ಬೇಕಾದಲ್ಲಿ ಕಳಸ್ರಿ. ಎರಡೂ ಹಾಳಿ ಕೂಡಿಸಿ ನೋಡ್ರಿ."

ಹಾಗೇ ಆಯಿತು. ಎರಡೂ ಹಾಳೆ ಒಂದಕ್ಕೊಂದು ಕೂಡಿದವು. ಉಳಿದ ಹನ್ನೊಂದು ಊರಿಗೂ ಅವಳೇ ಹೋಗಿ ಮತ್ತೆ ತುಂಬಿಕೊಂಡು ಬಂದಳು, ಯಾರೂ ಕೇಳದೆ. ಅವು ಮೊದಲು ಬಂದಂತೆಯೇ ಬಂದವು. ಸಂಸ್ಥೆಯವರು ಮುಂದಿನ ಊರುಗಳ ಕೆಲಸ ಬೇರೆಯವರಿಗೆ ಕೊಟ್ಟರು. ಸಾಹೇಬರು ಕಾರು ಹತ್ತುವಾಗ, "ನೀವು ಚಲೊ ಮಾಡಿದ್ರಿ ಡಾಕ್ಟರೇ, ಆದ್ರ ಧಂಧಾ ಮಾಡಲಿಲ್ಲ," ಅಂದಿದ್ದರು. ಪರೀಕ್ಷೆಯ ಹುಡುಗಿಯರಲ್ಲಿ ಒಬ್ಬಳನ್ನು ಕೆಲಸ ಬಿಡಿಸಬೇಕಾಯಿತು. ಅದನ್ನು ಅವಳಿಗೆ ಹೇಳುವಾಗ ನಮ್ಮ ಡಾಕ್ಟರ್ ಹುಡುಗಿ ಸುತ್ತಿ ಬಳಸಲಿಲ್ಲ. ಕಷ್ಟವಾದ ಮಾತನ್ನು ನೆಟ್ಟಗೆ ಹೇಳುವುದು ಆ ಹೊತ್ತಿಗೆ ಕಲಿತಿದ್ದಳು. ಆ ಪಾಠದ ಬೆಲೆ ಇನ್ನೊಬ್ಬಳು ಕೊಟ್ಟಳು. ಬಿಡುವವಳು ನಾನಾಗಬೇಕಿತ್ತು. ಹೋಗಿ ಮಾಲಕಿಗೆ ಹಾಗೇ ಹೇಳಿದೆ.

"ನಿಮ್ಮನ್ನ ತೆಗದ್ರ, ಬೂದಿ ಗುರುತು ಹಿಡಿಯೋರು ಯಾರದಾರ?" ಅಂದಳು. ತಲೆ ಎತ್ತಲಿಲ್ಲ. ಅದು ಪ್ರೀತಿಯ ಮಾತಲ್ಲ, ಲೆಕ್ಕ ಹಾಕಿದ ಮಾತು. ನನಗೆ ಅದೇ ಸರಿ ಅನಿಸಿತು.

ಆ ಕೆಂಪು ದುಂಡು ತೆಗೆಯಲು ನಾನೇ ಹೋದೆ. ಸೀಮೆಎಣ್ಣೆ ಹಚ್ಚಿ, ನಾರಿನಿಂದ ಮಧ್ಯಾಹ್ನದ ತನಕ ತಿಕ್ಕಿದೆ. ಮೇಲಿನದು ಬಂತು. ಸಿಮೆಂಟು ಕುಡಿದದ್ದು ಬರಲಿಲ್ಲ. ಖಾನಾವಳಿಯಾಕಿ ಬಾಗಿಲಲ್ಲಿ ಕೈ ಕಟ್ಟಿ ನಿಂತು ನೋಡುತ್ತಿದ್ದಳು.

"ಬೂದಿ ತರ್ಲೇನು?" ಅಂದಳು.

ನಾನು ತಿಕ್ಕುತ್ತಲೇ ಇದ್ದೆ.

ಕಂಪನಿ ನಡೆದಿದೆ, ಸಣ್ಣದಾಗಿ. ಮಿಲ್ಲುಗಳ ಟಾಕಿ, ಒಂದೆರಡು ಸಾಲಿ, ಒಬ್ಬಿಬ್ಬರ ಬೋರು. ಹುಡುಗಿ ಸಹಿ ಹಾಕುವ ಮೊದಲು ಪ್ರತಿ ಬಾಟಲಿಯನ್ನೂ ಬೆಳಕಿಗೆ ಹಿಡಿಯುತ್ತಾಳೆ, ಮೀಟಿಂಗಿಗೆ ತಡವಾದರೂ. ಖಾನಾವಳಿಗೆ ಜನ ತಿರುಗಿ ಬಂದರು, ಎಲ್ಲರೂ ಅಲ್ಲ. ಕೆಲವು ಲಾರಿಯವರು ಅಷ್ಟರಲ್ಲಿ ಬೇರೆ ಕಡೆ ಊಟಕ್ಕೆ ರೂಢಿಯಾಗಿದ್ದರು. ಅವರು ಬರಲಿಲ್ಲ.

ಆರು ತಿಂಗಳಿಗೊಮ್ಮೆ ಆ ಬೋರಿನ ನೀರು ತರಲು ನಾನೇ ಹೋಗುತ್ತೇನೆ. ಕಟ್ಟೆಯ ಮೇಲೆ ಕೆಂಪು ಈಗ ಒಣಗಿದ ಎಲೆ ಅಡಿಕೆಯ ಕಲೆಯಂತೆ ತೆಳ್ಳಗೆ ಉಳಿದಿದೆ. ಆಕಿ ನೀರು ಬಿಟ್ಟು ದೂರ ನಿಲ್ಲುತ್ತಾಳೆ, ಬಾಟಲಿ ಮುಟ್ಟುವುದಿಲ್ಲ. ನಾನು ಮೂರು ಸಲ ಕುಲುಕಿ ಚೆಲ್ಲಿ, ನಾಲ್ಕನೆಯ ಸಲ ತುಂಬಿ, ಬಿಸಿಲಿಗೆ ಹಿಡಿದು ನೋಡುತ್ತೇನೆ. ಹಾಳೆ ಬಂದ ಮೇಲೆ ಅದನ್ನು ಆಕಿಗೆ ಓದಿ ಹೇಳುವುದೂ ನನ್ನ ಕೆಲಸವೇ. ಆ ಹಾಳೆಯಲ್ಲಿ ನನಗೆ ಓದಲು ಬರುವ ಸಾಲು ಮೇಲಿನದೊಂದೇ, ಎರಡು ಪದ: ಕುಡಿಯಲು ಯೋಗ್ಯ. ಆಕಿ ಹೂಂ ಅನ್ನುತ್ತಾಳೆ.

ಹೊರಸು ಅಲ್ಲೇ ಗೋಡೆಗೆ ಒರಗಿರುತ್ತದೆ. ಕುಂದರು ಎಂದು ಆಕಿ ಅನ್ನುವುದಿಲ್ಲ. ನಾನೂ ಕುಂದರುವುದಿಲ್ಲ.